ಕುಂಯ್ ಕುಂಯ್ ಪುಸ್ಕ್

ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟಾಗಿತ್ತು. ಬಾನೆಟ್ ಮೇಲೆ ಸೇವಂತಿಗೆ ಹಾರ, ಗಾಜಿಗೆ ಅರಿಶಿನ ಕುಂಕುಮ. ಬೂದುಗುಂಬಳ ಒಡೆದು, ಅದರೊಳಗಿನ ಚಿಲ್ಲರೆ ಕಾಸನ್ನು ಬೀದಿ ಮಕ್ಕಳು ಆರಿಸಿಕೊಂಡೂ ಆಗಿತ್ತು. ಉಳಿದದ್ದು ಒಂದೇ ಕೆಲಸ. ಕಾರನ್ನು ಒಂದಡಿ ಮುಂದೆ ಬಿಟ್ಟು ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡುವುದು. ಅದಾದರೆ ಒಳಗೆ ಹೋಗಿ ಒಬ್ಬಟ್ಟು ತಿನ್ನಬಹುದು. ಕೀ ತಿರುಗಿಸಿದೆ.

"ಕಟ್."

ಅಷ್ಟೇ. ಇನ್ನೊಮ್ಮೆ ತಿರುಗಿಸಿದೆ. ಈ ಸಲ ಆ ಕಟ್ ಕೂಡ ಇಲ್ಲ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಎಣ್ಣೆ ತೀರಿದ ಹಣತೆಯ ಹಾಗೆ ಮಂಕಾಗಿ, ಹಾಗೇ ಆರಿಹೋಯಿತು.

ಪೂಜೆಗೆ ಮುಂಚೆ ಒಂದು ಸಲ ಸ್ಟಾರ್ಟ್ ಮಾಡಿ ನೋಡಬೇಕಿತ್ತಲ್ವಾ ಅಂತ ನೀವು ಕೇಳಬಹುದು. ಕೇಳಬೇಡಿ. ನಮ್ಮ ಬೀದಿಯಲ್ಲಿ ಆಗಲೇ ಹನ್ನೊಂದು ಜನ ಕೇಳಿದ್ದಾರೆ. ಹನ್ನೊಂದನೆಯವರು ಹೂವಿನವಳು.

ಕಾರು ಅಪ್ಪನದು. 1996ರ ಬಿಳಿ ಮಾರುತಿ 800. 796 ಸಿಸಿ, ಮೂರೇ ಸಿಲಿಂಡರು, ಕಾರ್ಬೊರೇಟರ್ ಕಾಲದ್ದು. 1983ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಇಂದಿರಾ ಗಾಂಧಿ ಮೊದಲ ಮಾರುತಿಯ ಕೀಲಿಯನ್ನು ಅದರ ಮಾಲೀಕರ ಕೈಗೆ ಕೊಟ್ಟ ಫೋಟೊವನ್ನು ಅಪ್ಪ ಪೇಪರಿನಿಂದ ಕತ್ತರಿಸಿ ಇಟ್ಟುಕೊಂಡಿದ್ದರು. ಅವರ ಕೈಗೇ ಒಂದು ಕೀಲಿ ಬರಲು ಮತ್ತೆ ಹದಿಮೂರು ವರ್ಷ ಹಿಡಿಯಿತು. 2014ರಲ್ಲಿ ಕಂಪನಿ 800 ತಯಾರಿಸುವುದನ್ನೇ ನಿಲ್ಲಿಸಿತು. ಅಪ್ಪ ಓಡಿಸುವುದನ್ನು ನಿಲ್ಲಿಸಲಿಲ್ಲ. ಹೋದ ವರ್ಷ ನಮ್ಮ ಮನೆಯಲ್ಲಿ ಹಬ್ಬ ಮಾಡುವ ಹಾಗಿರಲಿಲ್ಲ. ಹಾಗಾಗಿ ಕಾರು ಹದಿನಾಲ್ಕು ತಿಂಗಳು ನಿಂತಲ್ಲೇ ನಿಂತಿತ್ತು. ನಾನು ಬೆಂಗಳೂರಿನಿಂದ ಮೈಸೂರಿಗೆ ಬಂದಾಗಲೆಲ್ಲ ಅದರ ಮೇಲಿನ ಧೂಳಿನಲ್ಲಿ ಬೆರಳಿನಿಂದ ಗೆರೆ ಎಳೆದು, "ಒಂದಿನ ಸ್ಟಾರ್ಟ್ ಮಾಡಬೇಕು" ಅನ್ನುತ್ತಿದ್ದೆ. ನಾನು ಮಾಡಿದ ಮೆಂಟೆನೆನ್ಸ್ ಅಷ್ಟೇ.

ಎದುರು ಮನೆಯ ಮೇಷ್ಟ್ರು ಗೇಟು ತೆಗೆದುಕೊಂಡು ಬಂದರು. ಫಿಸಿಕ್ಸ್ ಪಾಠ ಮಾಡಿ ರಿಟೈರ್ ಆದವರು. ಕೈಯಲ್ಲಿ ಮಲ್ಟಿಮೀಟರ್. ಅದಕ್ಕೂ ಅರಿಶಿನ ಕುಂಕುಮ ಹಚ್ಚಿತ್ತು.

"ಪೂಜೆಗಿಟ್ಟಿದ್ದಲ್ವಾ ಮೇಷ್ಟ್ರೇ?"

"ಬರೀ ನೋಡೋದಕ್ಕೆ ದೋಷ ಇಲ್ಲ ಕಣಯ್ಯ."

ನೋಡಿದರು. 8.4 ವೋಲ್ಟ್. ಬ್ಯಾಟರಿಯಲ್ಲಿ ಆರು ಸೆಲ್, ಚಾರ್ಜ್ ತುಂಬಿದಾಗ ಒಂದೊಂದಕ್ಕೆ 2.1, ಒಟ್ಟು 12.6 ಇರಬೇಕು ಅಂತ ನನ್ನ ಕೈಯಲ್ಲೇ ಗುಣಾಕಾರ ಮಾಡಿಸಿದರು. ಬ್ಯಾಟರಿ ಸುಮ್ನೆ ಕೂತರೂ ಚಾರ್ಜ್ ಕಳೆದುಕೊಳ್ಳುತ್ತದಂತೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಮೈನಸ್ ಟರ್ಮಿನಲ್ ಬಿಚ್ಚಿಡಬೇಕಂತೆ. ಈ ಮಾತನ್ನು ಹದಿನಾಲ್ಕು ತಿಂಗಳ ಹಿಂದೆ ಹೇಳಬಹುದಿತ್ತು. ದಿನಾ ಸಂಜೆ ಅದೇ ಕಾರಿಗೆ ಒರಗಿಕೊಂಡೇ ಅವರು ಪಕ್ಕದ ಮನೆಯವರ ಜೊತೆ ರಾಜಕೀಯ ಮಾತಾಡುತ್ತಿದ್ದದ್ದು.

ಮೂಲೆಮನೆಯ ಹುಡುಗ ಹೊಸ ಕಾರು ತಂದು ಮೂತಿಗೆ ಮೂತಿ ನಿಲ್ಲಿಸಿದ. ಜಂಪರ್ ಕೇಬಲ್ ಅವನ ಹತ್ತಿರವೇ ಇತ್ತು, ಕವರ್ ಕೂಡ ಒಡೆದಿರಲಿಲ್ಲ. ಕೆಂಪು ಪ್ಲಸ್ಸಿನಿಂದ ಪ್ಲಸ್ಸಿಗೆ. ಕಪ್ಪಿನ ಒಂದು ತುದಿ ಅವನ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ತುದಿ ನಮ್ಮ ಇಂಜಿನ್ನಿನ ಬರೀ ಕಬ್ಬಿಣಕ್ಕೆ. "ಅಂಕಲ್, ನನ್ನ ಕಾರಿನ ಕಂಪ್ಯೂಟರ್‌ಗೆ ಏನೂ ಆಗಲ್ಲ ತಾನೆ?" ಅಂತ ನಾಲ್ಕು ಸಲ ಕೇಳಿದ. ಕಂಪ್ಯೂಟರ್‌ಗಿಂತ ಆ ಅಂಕಲ್ ಅನ್ನುವುದು ನನಗೆ ಜಾಸ್ತಿ ಚುಚ್ಚಿತು. ಅವನಿಗೂ ನನಗೂ ಎಂಟು ವರ್ಷ ಅಂತರ ಅಷ್ಟೇ.

ಈಗ ಕೀ ತಿರುಗಿಸಿದರೆ ಸೆಲ್ಫ್ ತಗೊಂಡಿತು. ಇಂಜಿನ್ ಸುತ್ತಿತು. ಸುತ್ತಿ, ಸುತ್ತಿ, ನಿಂತಿತು. ಸ್ಟಾರ್ಟ್ ಮಾತ್ರ ಆಗಲಿಲ್ಲ.

ಅಪ್ಪನ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಆ ಕಡೆಯಿಂದ ತಮಟೆ ಸದ್ದು.

"ಇವತ್ತು ಬರಕ್ಕಾಗಕಿಲ್ಲ ಸಾ. ಸ್ಪ್ಯಾನರ್‌ಗೆಲ್ಲ ಪೂಜೆ ಆಗ್ಬುಟ್ಟದೆ. ಮುಟ್ಟಂಗಿಲ್ಲ."

"ನಾಳೆ?"

"ನಾಳೆ ಜಂಬೂ ಸವಾರಿ ಸಾ. ರೋಡೆಲ್ಲ ಬಂದ್. ನೀವು ಸೌಂಡ್ ಯೋಳಿ, ಇಲ್ಲಿಂದ್ಲೇ ನೋಡ್ತೀನಿ."

ಫೋನನ್ನು ಬಾನೆಟ್ ಹತ್ತಿರ ಹಿಡಿದು ಸೆಲ್ಫ್ ಹೊಡೆದೆ. "ಫೋನಲ್ಲಿ ಬರೀ ಗೊರಗೊರ ಕೇಳ್ತದೆ ಸಾ. ನೀವೇ ಬಾಯಲ್ಲಿ ಮಾಡಿ" ಅಂದ.

ದಸರಾ ಸಮಯದಲ್ಲಿ ಮೈಸೂರಿನ ಬೀದಿ ಹೇಗಿರುತ್ತದೆ ಅಂತ ಗೊತ್ತಲ್ಲ. ಪ್ರತಿ ಮನೆಯಲ್ಲೂ ನೆಂಟರು. ಪ್ರತಿ ನೆಂಟನಿಗೂ ಸಂಜೆ ದೀಪಾಲಂಕಾರ ಶುರುವಾಗುವ ತನಕ ಮಾಡಲು ಕೆಲಸ ಇಲ್ಲ. ಎಲ್ಲರೂ ಕಾಂಪೌಂಡಿಗೆ ಬಂದು ನಿಂತಿದ್ದರು. ಅವರ ಮುಂದೆ ನಾನು, ರೇಷ್ಮೆ ಪಂಚೆ ಉಟ್ಟು, ಹಣೆಗೆ ಕುಂಕುಮ ಇಟ್ಟುಕೊಂಡು, ಫೋನಿನ ಸ್ಪೀಕರ್ ಆನ್ ಮಾಡಿ ನಿಂತಿದ್ದೆ.

ಮೆಕ್ಯಾನಿಕ್ ಮೊದಲು ತಾನೇ ಮಾಡಿ ತೋರಿಸಿದ. "ಕಟ್ ಕಟ್ ಕಟ್ ಅಂದ್ರೆ ಬ್ಯಾಟ್ರಿ. ಗಿರ್‌ರ್‌ರ್ ಅಂತ ಬರೀ ಮೋಟ್ರು ಸುತ್ತಿದ್ರೆ ಬೆಂಡಿಕ್ಸ್ ಗೇರು ಇಂಜಿನ್‌ಗೆ ಕಚ್ತಿಲ್ಲ ಅಂತ. ಕುಂಯ್ ಕುಂಯ್ ಅಂದ್ರೆ ಇಂಜಿನ್ ಸುತ್ತದೆ, ಕರೆಂಟಾದ್ರೂ ಇಲ್ಲ, ಪೆಟ್ರೋಲಾದ್ರೂ ಇಲ್ಲ. ಈಗ ಯೋಳಿ, ಯಾವ್ದು?"

"ಕುಂಯ್ ಕುಂಯ್" ಎಂದೆ.

"ಹಂಗಲ್ಲ ಸಾ. ಪುಸ್ತಕ ಓದ್ದಂಗೆ ಯೋಳ್ಬೇಡಿ. ಅದು ಮಾಡ್ದಂಗೆ ಮಾಡಿ."

ಗಂಟಲು ಸರಿಮಾಡಿಕೊಂಡೆ. "ಕುಂಯ್... ಕುಂಯ್... ಕುಂಯ್..."

"ಇಷ್ಟು ನಿಧಾನಕ್ಕಾ? ಹಂಗಾದ್ರೆ ಕೇಬಲ್ ಲೂಸು."

"ಇಲ್ಲಪ್ಪ, ಜೋರಾಗೇ ಇತ್ತು. ಕುಂಯ್ಕುಂಯ್ಕುಂಯ್!"

"ಅಷ್ಟು ಜೋರಾ? ಹಂಗಾದ್ರೆ ಟೈಮಿಂಗ್ ಬೆಲ್ಟ್ ಹೋಗದೆ ಸಾ."

ನನ್ನ ಬಾಯಿಂದ ಒಂದು ಸದ್ದು ಹೆಚ್ಚುಕಮ್ಮಿಯಾದರೆ ಇಂಜಿನ್ನೇ ಕೆಳಗಿಳಿಸುವ ಹಾಗಿತ್ತು. ಇಷ್ಟರಲ್ಲಿ ಬೀದಿಯವರು ತಿದ್ದಲು ಶುರು ಮಾಡಿದರು. ಮೇಷ್ಟ್ರು, "ಫ್ರೀಕ್ವೆನ್ಸಿ ಇನ್ನೂ ಕಡಿಮೆ ಇತ್ತು" ಅಂದರು. ಪಕ್ಕದ ಮನೆಯ ನೆಂಟರೊಬ್ಬರು, "ಕುಂಯ್ ಅಲ್ಲ, ಅದು ಘುಂಯ್" ಅಂದರು. ಅವರು ಆ ಕಾರನ್ನು ನೋಡಿದ್ದೇ ಅರ್ಧ ಗಂಟೆಯ ಹಿಂದೆ. ಎರಡನೇ ಕ್ಲಾಸಿನ ಹುಡುಗನೊಬ್ಬ ಯಾರೂ ಕೇಳದೆ ಒಂದು ಸ್ಯಾಂಪಲ್ ಕೊಟ್ಟ. ನನ್ನದಕ್ಕಿಂತ ಚೆನ್ನಾಗಿತ್ತು. ಮೆಕ್ಯಾನಿಕ್, "ಆ ಮಗಾ ಯಾರು ಸಾ? ಅವನ ಕೈಗೆ ಫೋನ್ ಕೊಡಿ" ಅಂದ. ನಾನು ಎಂಜಿನಿಯರಿಂಗ್ ಓದಿದವನು. ಕಂಪ್ಯೂಟರ್ ಸೈನ್ಸ್, ನಿಜ. ಆದರೂ ಒಂದು ಮರ್ಯಾದೆ ಅಂತ ಇರುತ್ತಲ್ಲ.

ಆಗ ಅಮ್ಮ ಒಬ್ಬಟ್ಟಿನ ಕಣಕದ ಕೈಯಲ್ಲೇ ಹೊರಗೆ ಬಂದಳು. "ಇವನಿಗೆ ಬರಲ್ಲ. ಹಿಡಿ ಇತ್ತ" ಅಂದು ಫೋನಿಗೆ ಬಾಯಿ ಕೊಟ್ಟಳು.

"ಕುಂಯ್ ಕುಂಯ್ ಕುಂಯ್ ಕುಂಯ್... ಪುಸ್ಕ್."

ಬೀದಿ ಸ್ತಬ್ಧವಾಯಿತು. ನಾನು ಹಿಂದೆ ತಿರುಗಿ ಕಾರನ್ನೇ ನೋಡಿದೆ, ಅದೇ ಸದ್ದು ಮಾಡಿತೋ ಅಂತ.

"ಪುಸ್ಕ್ ಅಂತದಾ ಅಮ್ಮಾ?"

"ಕೊನೇಲಿ ಅಂತು. ಸಣ್ಣಕ್ಕೆ."

"ಮೊದ್ಲೇ ಯೋಳ್ಬಾರ್ದಾ! ಪುಸ್ಕ್ ಅಂದ್ರೆ ಕರೆಂಟ್ ಬತ್ತಾ ಅದೆ. ಪೆಟ್ರೋಲ್ ಮ್ಯಾಕ್ಕೆ ಬತ್ತಿಲ್ಲ. ಹಳೇದು ಕಾರ್ಬೊರೇಟರ್ ಒಳಗೆ ಆರಿ ಅಂಟಾಗೋಗದೆ. ಫಿಲ್ಟರ್ ಬಿಚ್ಚಿ ಬಾಯಿಗೆ ಒಂದ್ ಮುಚ್ಚಳ ಹೊಸಾ ಪೆಟ್ರೋಲ್ ಬುಡಿ. ಮೂತಿ ದೂರ ಇಟ್ಕಳಿ."

ಅಮ್ಮನಿಗೆ ಡ್ರೈವಿಂಗ್ ಬರುವುದಿಲ್ಲ. ಬಾನೆಟ್ ತೆಗೆಯುವುದು ಯಾವ ಕಡೆ ಅಂತಲೂ ಗೊತ್ತಿಲ್ಲ. ಆದರೆ ಇಪ್ಪತ್ತೆಂಟು ವರ್ಷ ಆ ಕಾರನ್ನು ಅಡುಗೆಮನೆಯಿಂದ ಕೇಳಿದ್ದಾಳೆ. ಬೆಳಿಗ್ಗೆ ಅಪ್ಪ ಚೋಕ್ ಎಳೆದು ಮೊದಲ ಕುಂಯ್ ಅನ್ನಿಸಿದಾಗ ಡಬ್ಬಿಯ ಮುಚ್ಚಳ ಒತ್ತುತ್ತಿದ್ದಳು. ಸಂಜೆ ಮೂರು ಸಿಲಿಂಡರಿನ ಗಡಗಡ ತಿರುವಿನಲ್ಲಿ ಕೇಳಿದ ಕೂಡಲೇ ಕಾವಲಿ ಇಡುತ್ತಿದ್ದಳು. ಅಪ್ಪ ಚಪ್ಪಲಿ ಬಿಡುವಷ್ಟರಲ್ಲಿ ಮೊದಲ ದೋಸೆ ಆಗಿರುತ್ತಿತ್ತು. ನಮ್ಮ ಮನೆಯಲ್ಲಿ ದೋಸೆ ತಣ್ಣಗಿದ್ದ ನೆನಪೇ ನನಗಿಲ್ಲ. ಈಗ ಅವಳು ದೋಸೆ ಮಾಡುವುದೇ ಕಡಿಮೆ. ಒಬ್ಬಳಿಗೆ ಎಂಥ ದೋಸೆ ಅನ್ನುತ್ತಾಳೆ.

ಸರಿ, ಫಿಲ್ಟರ್ ಬಿಚ್ಚಬೇಕು. ನಮ್ಮ ಮನೆಯ ಸ್ಕ್ರೂಡ್ರೈವರ್ ಕೂಡ ಈಳಿಗೆಮಣೆಯ ಪಕ್ಕ ಹೂ ಮುಡಿದು ಕೂತಿತ್ತು. ಅಮ್ಮ ಮುಟ್ಟಗೊಡಲಿಲ್ಲ. ಪುಣ್ಯಕ್ಕೆ ಕೈಯಲ್ಲೇ ಬಿಚ್ಚಲು ಬಂತು. ಮುಚ್ಚಳ ಎತ್ತಿದರೆ ಒಳಗೆ ಇಲಿಯ ಸಂಸಾರ. ಇಲಿ ಇರಲಿಲ್ಲ, ಗೃಹಕೃತ್ಯ ಇತ್ತು. ತೆಂಗಿನ ನಾರು, ಕಡಲೆಕಾಯಿ ಸಿಪ್ಪೆ, ಮೆತ್ತಗೆ ಹಾಸಿದ ಫಿಲ್ಟರ್ ಕಾಗದ, ಅದರ ಮೇಲೆ ಮಡಿಸಿಟ್ಟ ಹಾಗೆ ಹಸಿರು ಸೀರೆಯ ಫಾಲ್ಸ್. ಅಮ್ಮ ಆ ಫಾಲ್ಸನ್ನು ಗುರುತು ಹಿಡಿದಳು. ಅದು ಕಳೆದುಹೋಯಿತು ಅಂತ ವರ್ಷದಿಂದ ಟೈಲರ್‌ನನ್ನು ಬೈದದ್ದೇ ಬೈದದ್ದು. ಪಾಪ.

ಹೊಸ ಪೆಟ್ರೋಲ್ ಎಲ್ಲಿಂದ ತರುವುದು? ನಮ್ಮ ಟ್ಯಾಂಕಿನಲ್ಲಿದ್ದದ್ದು ಹೋದ ವರ್ಷದ್ದು. ಪೆಟ್ರೋಲಿಗೆ ಬೆರೆಸುವ ಎಥನಾಲ್ ಗಾಳಿಯಲ್ಲಿನ ನೀರನ್ನು ಎಳೆದುಕೊಳ್ಳುತ್ತದೆ, ಜಾಸ್ತಿಯಾದರೆ ನೀರು ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ ಅಂತ ಮೇಷ್ಟ್ರು ಪಾಠ ಮುಂದುವರಿಸಿದರು. ಪಾಠ ಮಾಡುತ್ತಲೇ ತಮ್ಮ ಹಳೇ ಸ್ಕೂಟರಿನ ಪೈಪು ಕಿತ್ತು ಒಂದು ಲೋಟ ಇಳಿಸಿಕೊಟ್ಟರು. ದೊಡ್ಡ ಮನಸ್ಸು. ಆದರೆ ಅದು ಟೂ ಸ್ಟ್ರೋಕ್ ಸ್ಕೂಟರು, ಪೆಟ್ರೋಲಿಗೆ ಆಯಿಲ್ ಬೆರೆಸಿರುತ್ತದೆ ಅನ್ನುವುದು ಆ ಕ್ಷಣ ಯಾರಿಗೂ ಹೊಳೆಯಲಿಲ್ಲ.

ಮೊದಲ ಮುಚ್ಚಳಕ್ಕೆ ಎರಡು ಸೆಕೆಂಡ್ ಗುಡುಗಿ ಆಫ್ ಆಯಿತು. ಎರಡನೆಯದಕ್ಕೆ ಐದು ಸೆಕೆಂಡ್. ಮೂರನೆಯದಕ್ಕೆ ಹಿಡಿದುಕೊಂಡಿತು. ಗಡಗಡ ಶುರುವಾಯಿತು. ಹಿಂದಿನಿಂದ ಬಿಳಿ ಹೊಗೆ ಎಂಥದ್ದು ಬಂತೆಂದರೆ ಕಾಂಪೌಂಡಿನ ನೆಂಟರೆಲ್ಲ ಮಾಯ. ಹೊಗೆಯೊಳಗಿಂದ ಚಪ್ಪಾಳೆ ಮಾತ್ರ ಕೇಳಿಸಿತು. ಮಂಗಳಾರತಿ ಹೊತ್ತಿನ ಗರ್ಭಗುಡಿಯ ಹಾಗಿತ್ತು ನಮ್ಮ ಗೇಟು.

ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟೆ. ಮೂತಿ ಎದ್ದಿತು, ಕಾರು ಹೋಗಲಿಲ್ಲ. ಹಿಂದಿನ ಚಕ್ರ ಜಾಮ್. ಹದಿನಾಲ್ಕು ತಿಂಗಳ ಹಿಂದೆ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ ಮಹಾನುಭಾವ ನಾನೇ. ಅಪ್ಪ ಯಾವತ್ತೂ ಎಳೆಯುತ್ತಿರಲಿಲ್ಲ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು. ಆ ಕಲ್ಲು ಇವತ್ತಿಗೂ ತುಳಸಿಕಟ್ಟೆಯ ಪಕ್ಕ ಇದೆ, ಕಾರು ಅಂತ ಬಿಳಿ ಪೇಂಟಿನಲ್ಲಿ ಬರೆಸಿಕೊಂಡು. ಕೊನೆಗೆ ಬೀದಿಯವರೆಲ್ಲ ಹಿಂದೆ ಮುಂದೆ ಅಲ್ಲಾಡಿಸಿದ ಮೇಲೆ ಢಣ್ ಅಂತ ಬಿಟ್ಟುಕೊಂಡಿತು. ಮೂರು ನಿಂಬೆಹಣ್ಣು ಅಪ್ಪಚ್ಚಿಯಾದವು. ನಾಲ್ಕನೆಯದು ಚಕ್ರದಡಿಯಿಂದ ಜಾರಿ ಚರಂಡಿಗೆ ಹೋಯಿತು. ಅದರ ಫಲಾಫಲದ ಬಗ್ಗೆ ಅಮ್ಮ, ಪಕ್ಕದ ಮನೆಯ ಅಜ್ಜಿ ಇನ್ನೂ ಮಾತಾಡುತ್ತಿದ್ದಾರೆ.

ಮೂರನೇ ದಿನ ಮೆಕ್ಯಾನಿಕ್ ಬಂದು ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರ್ ತೊಳೆದು, ಬೇರೆ ಬ್ಯಾಟರಿ ಹಾಕಿದ. ಬಿಲ್ ನೋಡಿದ ನನ್ನ ತಂಗಿ, "ಗುಜರಿಗೆ ಹಾಕಿದ್ರೆ ಇಷ್ಟೂ ಬರ್ತಿರಲಿಲ್ಲ" ಅಂದಳು. ನಾಳೆ ಆರ್‌ಸಿ ರಿನ್ಯೂವಲ್ ಬೇರೆ ಇದೆ. ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ಒಂದು ಸಲ ಈ ವೈಭೋಗ. ಅಲ್ಲಿನ ಇನ್ಸ್‌ಪೆಕ್ಟರ್ ಎದುರು ನಾನು ಯಾವ ಸದ್ದು ಮಾಡಬೇಕೋ ಗೊತ್ತಿಲ್ಲ.

ವಾರಕ್ಕೊಂದು ಸಲ ಹತ್ತು ಹದಿನೈದು ನಿಮಿಷ ಓಡಿಸಿ ಬಾ ಅಂತ ಮೂಲೆಮನೆ ಹುಡುಗನಿಗೆ ಹೇಳಿ ಬಂದಿದ್ದೆ. ನಿನ್ನೆ ಬೆಳಿಗ್ಗೆ ಮೀಟಿಂಗಿನ ಮಧ್ಯೆ ಅಮ್ಮನ ಫೋನ್. ಏನಾಯಿತೋ ಅಂತ ಗಾಬರಿಯಲ್ಲಿ ಎತ್ತಿದೆ. ಮ್ಯೂಟ್ ಮಾಡಿದ್ದೇನೆ ಅಂದುಕೊಂಡಿದ್ದೆ, ಮಾಡಿರಲಿಲ್ಲ. ಅವಳ ಹಿಂದೆಯೇ ಕಾರು ಗಡಗಡ ಅನ್ನುತ್ತಿತ್ತು. ಫೋನನ್ನು ಅದರ ಕಡೆ ತಿರುಗಿಸಿದ್ದರೆ ಸಾಕಿತ್ತು.

"ಸ್ಟಾರ್ಟ್ ಆಯ್ತು ಕಣೋ, ಕೇಳಿಸ್ಕೋ" ಅಂದು, ಆಫೀಸಿನ ಹದಿನಾಲ್ಕು ಜನರ ಕಿವಿಗೆ ಬಾಯಲ್ಲೇ ಮಾಡಿ ತೋರಿಸಿದಳು. "ಕುಂಯ್ ಕುಂಯ್ ಗಡಗಡಗಡ... ಪುಸ್ಕ್ ಇಲ್ಲ ನೋಡು ಇವತ್ತು."