ಒಂದೂವರೆ ನಿಮಿಷದ ಜಾಝ್

ಒಂದು ಹಾಡನ್ನು ಪೂರ್ತಿ ಕೇಳೋಕೆ ಬಿಡಿ ಅಂತ ಮನುಷ್ಯ ಎಷ್ಟು ಸಲ ಬೇಡಿಕೊಳ್ಳಬೇಕು? ಹಾಡು ಅಷ್ಟೇನೂ ಉದ್ದದ್ದಲ್ಲ. ಒಂಬತ್ತು ನಿಮಿಷ ಚಿಲ್ಲರೆ. ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ‘ಸೋ ವಾಟ್’. ‘ಕೈಂಡ್ ಆಫ್ ಬ್ಲೂ’ ರೆಕಾರ್ಡಿನ ಮೊದಲನೆಯದು. 1959ರ ಮಾರ್ಚ್ 2ರಂದು ನ್ಯೂಯಾರ್ಕಿನಲ್ಲಿ ನುಡಿಸಿದ್ದು. ಅಲ್ಲಿಂದ ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಮನೆಯ ಹಾಲಿನವರೆಗೂ ಸುಖವಾಗಿ ಬಂದಿದೆ. ಹಾಲಿಗೆ ಬಂದ ಮೇಲೆ ಮಾತ್ರ ಒಂದೂವರೆ ನಿಮಿಷದಿಂದಾಚೆ ಹೋಗುತ್ತಿಲ್ಲ. ಅಷ್ಟು ಹೊತ್ತಿಗೆ ಬಿ ವಿಂಗಿನ ಕಾಮತರು ಎದ್ದು ಮುಳ್ಳು ಎತ್ತಿಬಿಟ್ಟಿರುತ್ತಾರೆ.

ಕಾಮತರು ಬ್ಯಾಂಕಿನ ಇನ್‌ಸ್ಪೆಕ್ಷನ್ ಡಿಪಾರ್ಟ್‌ಮೆಂಟಿನಲ್ಲಿ ಇದ್ದವರು. ಎರಡು ಲೆಡ್ಜರು ಪಕ್ಕಪಕ್ಕ ಇಟ್ಟುಕೊಂಡು ವ್ಯತ್ಯಾಸ ಹುಡುಕಿಯೇ ಇಡೀ ಸರ್ವಿಸು ಮುಗಿಸಿದರು. ರಿಟೈರಾದ ಮೇಲೆ ಲೆಡ್ಜರು ಹೋಗಿ ಎಲ್‌ಪಿ ಬಂತು, ಅಷ್ಟೇ. ಈ ಒಂದೇ ರೆಕಾರ್ಡು ಅವರ ಹತ್ತಿರ ಜಪಾನಿನಲ್ಲಿ ಒತ್ತಿದ್ದು ಇದೆ, ಹಾಲೆಂಡಿನಲ್ಲಿ ಒತ್ತಿದ್ದು ಇದೆ, ಅಮೆರಿಕದ್ದು ಹಳೆಯದೊಂದು, ಹೊಸದೊಂದು. ಸಿಡಿಗಳು ಬೇರೆ. ಮನೆಯಲ್ಲಿ ಸೊಸೆಗೆ ವರ್ಕ್ ಫ್ರಮ್ ಹೋಮ್. ಹಾಗಾಗಿ ಎಲ್ಲವನ್ನೂ ಬಟ್ಟೆ ಚೀಲದಲ್ಲಿ ಹಾಕಿಕೊಂಡು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬರುತ್ತಾರೆ. ಬಂದವರೇ ಮೊದಲು ಫ್ಯಾನು ಆರಿಸುತ್ತಾರೆ. ಫ್ಯಾನಿನ ಗಾಳಿಯಲ್ಲಿ ಡ್ರಮ್ಸ್ ಜೊತೆಗಿನ ಕಂಚಿನ ತಾಳದ, ಅಂದರೆ ಸಿಂಬಲ್‌ನ ಕೊನೆಯ ಗುಂಯ್ ಕೇಳಿಸುವುದಿಲ್ಲವಂತೆ. ಮುಂಬಯಿಯ ಅಕ್ಟೋಬರದಲ್ಲಿ ಫ್ಯಾನು ಆರಿಸಿ ಕೂತು ನೋಡಿ. ಯಾವ ಸಂಗೀತವಾದರೂ ಬೇಗ ಮುಗಿಯಲಿ ಅನಿಸುತ್ತದೆ.

ಗೊತ್ತಿಲ್ಲದವರಿಗೆ ಆ ಒಂದೂವರೆ ನಿಮಿಷ ಏನು ಅಂತ ಹೇಳುತ್ತೇನೆ. ನನಗೆ ಗೊತ್ತಿರುವುದೂ ಈಗ ಅಷ್ಟೇ. ಪಿಯಾನೋ ಮತ್ತು ಬಾಸ್ (ದೊಡ್ಡ ಪಿಟೀಲಿನಂಥ ತಂತಿವಾದ್ಯ) ಮೆತ್ತಗೆ ಏನೋ ಗುಸುಗುಸು ಮಾಡುತ್ತವೆ. ಆಮೇಲೆ ಬಾಸ್ ಒಂದು ಮಾತು ಆಡುತ್ತದೆ, ಉಳಿದವರು ಎರಡೇ ಸ್ವರದಲ್ಲಿ ‘ಹೂಂ-ಹೂಂ’ ಅನ್ನುತ್ತಾರೆ. ಇದು ಮುಗಿದು ಮೈಲ್ಸ್ ಒಬ್ಬನೇ ಟ್ರಂಪೆಟ್ ಎತ್ತಿಕೊಳ್ಳುವ ಗಳಿಗೆಯಲ್ಲಿ ಡ್ರಮ್ಸ್‌ನ ಜಿಮ್ಮಿ ಕಾಬ್ ಸಿಂಬಲ್‌ಗೆ ಒಂದು ಏಟು ಹಾಕುತ್ತಾನೆ. ಝಣ್ ಅಂತ ಎದ್ದು ನಿಧಾನಕ್ಕೆ ಇಳಿಯುತ್ತದೆ.

ಕಾಮತರು ಬರುವುದು ಆ ಏಟಿಗೆ. ಅದು ಬೀಳುವ ಮುಂಚೆಯೇ ಕುರ್ಚಿಯ ತುದಿಗೆ ಬಂದಿರುತ್ತಾರೆ. ಬಲಗೈ ಕಿರುಬೆರಳನ್ನು ಬನಿಯನ್ನಿಗೆ ಒರೆಸಿಕೊಳ್ಳುತ್ತಾರೆ. ಏಟು ಬೀಳುತ್ತದೆ. ಕಾಮತರು ಕಣ್ಣು ಮುಚ್ಚುತ್ತಾರೆ. ಉಸಿರು ಹಿಡಿಯುತ್ತಾರೆ. ನಾನೂ ಹಿಡಿಯುತ್ತೇನೆ, ಹಿಡಿಯದಿದ್ದರೆ ಬೈಯುತ್ತಾರೆ. ಆಮೇಲೆ ಆ ಕಿರುಬೆರಳಿನಿಂದಲೇ ಪ್ಲೇಯರಿನ ತೋಳನ್ನು ಟಪ್ ಅಂತ ಎತ್ತಿ, ‘ಕೇಳಿದ್ರಾ ಮಾರಾಯ್ರೆ? ಜಪಾನಿನದ್ದರಲ್ಲಿ ಇನ್ನೂ ಸ್ವಲ್ಪ ಉದ್ದ ಬರ್ತದೆ’ ಅನ್ನುತ್ತಾರೆ. ತಟ್ಟೆ ಬದಲಾಗುತ್ತದೆ. ಮತ್ತೆ ಗುಸುಗುಸು, ಮತ್ತೆ ಹೂಂ-ಹೂಂ, ಮತ್ತೆ ಝಣ್, ಮತ್ತೆ ಟಪ್.

ಮೈಲ್ಸ್ ಆದ ಮೇಲೆ ಸ್ಯಾಕ್ಸೋಫೋನಿನ ಜಾನ್ ಕೋಲ್ಟ್ರೇನ್ ಸರದಿ, ಅವನ ಹಿಂದೆ ಅದೇ ವಾದ್ಯದ ಕ್ಯಾನನ್‌ಬಾಲ್ ಆಡರ್ಲಿ, ಕೊನೆಗೆ ಪಿಯಾನೋದ ಬಿಲ್ ಎವನ್ಸ್. ಜಗತ್ತೇ ಹೊಗಳುವ ಜನ. ನಮ್ಮ ಹಾಲಿನಲ್ಲಿ ಅವರಿಗೆ ಇನ್ನೂ ಬಾಯಿ ತೆರೆಯುವ ಅವಕಾಶ ಸಿಕ್ಕಿಲ್ಲ. ಮನೆಕೆಲಸದ ಮಾವಶಿ ಒಂದು ದಿನ ಪೊರಕೆ ಕೆಳಗಿಟ್ಟು ಕನಿಕರದಿಂದ ಕೇಳಿದರು, ‘ಸಾಹೇಬ್, ಮಶೀನ್ ಬಿಘಡಲಂ ಕಾ?’ ಮಶೀನು ಸರಿಯಾಗಿಯೇ ಇದೆ ಅಂತ ಹೇಳುವಾಗ ನನಗೇ ಅಳು ಬಂತು.

ಕಾಮತರ ಜೊತೆ ಹಳೆ ಸಾಮಾನಿನ ಚೋರ್ ಬಜಾರಿಗೆ ಹೋಗುವುದು ಇನ್ನೊಂದು ಕಥೆ. ಮಟನ್ ಸ್ಟ್ರೀಟಿನ ಅಂಗಡಿಯವನು ಎಲ್ಲ ರೆಕಾರ್ಡಿಗೂ ‘ಓರಿಜಿನಲ್ ಹೈ’ ಅನ್ನುತ್ತಾನೆ. ತನ್ನ ಶರ್ಟಿನ ತೋಳಿನಿಂದ ತಟ್ಟೆ ಒರೆಸಿ ಹೊಳಪು ಬರಿಸುತ್ತಾನೆ. ಕಾಮತರಿಗೆ ಎದೆ ಒಡೆದುಹೋಗುತ್ತದೆ. ಕಸಿದುಕೊಂಡು, ಮೊಬೈಲ್ ಟಾರ್ಚ್ ಹಾಕಿ, ಜೇಬಿನಿಂದ ಭೂತಗನ್ನಡಿ ತೆಗೆದು ಲೇಬಲ್ಲಿನ ಸುತ್ತಲಿನ ಖಾಲಿ ಜಾಗ ಓದೋಕೆ ಶುರು ಮಾಡುತ್ತಾರೆ. ಬ್ಲೂ ನೋಟ್ ಅನ್ನುವ ಅಮೆರಿಕದ ಜಾಝ್ ಕಂಪನಿಯ ಹಳೆಯ ರೆಕಾರ್ಡುಗಳಲ್ಲಿ ಅಲ್ಲಿ ‘ಆರ್‌ವಿಜಿ’ ಅಂತ ಗುರುತು ಇರುತ್ತದೆ. ರೂಡಿ ವ್ಯಾನ್ ಗೆಲ್ಡರ್ ಅನ್ನುವ ಪುಣ್ಯಾತ್ಮನದು. ಅವನು ಹಗಲು ಜನರ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಡುತ್ತಿದ್ದವನು. ಸಂಜೆ ಹ್ಯಾಕನ್‌ಸ್ಯಾಕ್ ಊರಿನ ತನ್ನ ಅಪ್ಪ-ಅಮ್ಮನ ಮನೆಯ ಹಾಲಿನಲ್ಲಿ ಜಾಝ್ ರೆಕಾರ್ಡು ಮಾಡುತ್ತಿದ್ದ. 1959ರಲ್ಲಿ ಬೇರೆ ಸ್ಟುಡಿಯೋ ಕಟ್ಟಿಸಿಕೊಂಡ. ಕಣ್ಣಿನ ವೈದ್ಯ ಬರೆದ ಅಕ್ಷರ ಇಷ್ಟು ಸಣ್ಣಗೆ ಇರಬೇಕಾ ಅಂತ ಕೇಳಿದರೆ ಕಾಮತರಿಗೆ ಸಿಟ್ಟು.

ಅಷ್ಟು ಸಾಲದು ಅಂತ ಪಕ್ಕದಲ್ಲಿ ಒಂದು ‘ಕಿವಿ’ ಇರಬೇಕು. ಪ್ಲಾಸ್ಟಿಲೈಟ್ ಅನ್ನುವ ಕಾರ್ಖಾನೆಯಲ್ಲಿ ಒತ್ತಿದ ರೆಕಾರ್ಡಿಗೆ ಇಂಗ್ಲಿಷಿನ ‘ಪಿ’ ಅಕ್ಷರವನ್ನು ಸೊಟ್ಟಗೆ ಬರೆದಿರುತ್ತಾರೆ. ನೋಡೋಕೆ ಕಿವಿ. ಕಿವಿ ಇದ್ದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು ಬೆಲೆ. ಈ ಹವ್ಯಾಸದಲ್ಲಿ ಕಿವಿ ರೆಕಾರ್ಡಿಗೆ ಇದ್ದರೆ ಸಾಕು, ಕೇಳುವವನಿಗೆ ಇರಲೇಬೇಕು ಅಂತೇನಿಲ್ಲ. 2019ರಿಂದ ‘ಟೋನ್ ಪೊಯೆಟ್’ ಹೆಸರಿನಲ್ಲಿ ಬ್ಲೂ ನೋಟ್ ಕಂಪನಿಯ ಹಳೆಯವು ಚೆನ್ನಾಗಿ ಮರುಮುದ್ರಣವಾಗಿ ಬರುತ್ತಿವೆ. ಮೂಲ ಟೇಪಿನಿಂದಲೇ ತೆಗೆದದ್ದು, ದಪ್ಪ ತಟ್ಟೆ, ದಪ್ಪ ಕವರು. ನನಗೆ ಇದೇ ಸಾಕು. ಕಾಮತರಿಗೆ ಸಾಲದು. ಹೋಲಿಸೋಕೆ ಹಳೆಯದೂ ಬೇಕು.

ಕೊಂಡ ರೆಕಾರ್ಡನ್ನು ಮನೆಗೆ ತರುವ ಕೆಲಸ ನನ್ನದು. ಸಂಜೆಯ ಲೋಕಲ್ಲಿನಲ್ಲಿ ಪೇಪರು ಸುತ್ತಿದ ಎಲ್‌ಪಿಯನ್ನು ಎದೆಗೆ ಅವಚಿಕೊಂಡು ನಿಂತಿರುತ್ತೇನೆ. ಒಬ್ಬರು ದೇವರ ಫೋಟೋ ಅಂದುಕೊಂಡು ಎದ್ದು ಸೀಟು ಕೊಟ್ಟರು. ನನಗಲ್ಲ, ಫೋಟೋಗೆ. ಕುರ್ಲಾದಿಂದ ಡೊಂಬಿವಲಿಯವರೆಗೆ ಆ ರೆಕಾರ್ಡಿನ ಡ್ರಮ್ಸ್ ವಾದಕ ಆರ್ಟ್ ಬ್ಲೇಕಿ ಕೂತು ಬಂದ, ನಾನು ಪಕ್ಕದಲ್ಲಿ ನಿಂತು ಬಂದೆ.

ಇದೆಲ್ಲ ಸಹಿಸಿಕೊಂಡಿದ್ದೆ. ಈ ಸಲದ ಭಾನುವಾರ ಮಾತ್ರ ಮಿತಿ ಮೀರಿತು.

ವಿಷಯ ಏನಂದರೆ, 1959ರ ಆ ದಿನ ಸ್ಟುಡಿಯೋದಲ್ಲಿ ಮುಖ್ಯ ಟೇಪ್ ಮಶೀನು ಸ್ವಲ್ಪ ನಿಧಾನಕ್ಕೆ ಓಡುತ್ತಿತ್ತು. ನಿಧಾನಕ್ಕೆ ತುಂಬಿದ್ದನ್ನು ಸರಿಯಾದ ವೇಗದಲ್ಲಿ ಹಾಕಿದರೆ ಹಾಡು ಬೇಗ ಓಡುತ್ತದೆ, ಶ್ರುತಿಯೂ ಮೇಲೇರುತ್ತದೆ. ಹಾಗಾಗಿ ರೆಕಾರ್ಡಿನ ಮೊದಲ ಬದಿಯ ಮೂರೂ ಹಾಡುಗಳು ಮೂಲಕ್ಕಿಂತ ಒಂಚೂರು ಮೇಲೆ. 1992ರ ಮರುಮುದ್ರಣಕ್ಕೆ ಅದೇ ದಿನದ ಇನ್ನೊಂದು ಟೇಪು ಬಳಸಿ ಸರಿ ಮಾಡಿದರು. ಅಂದರೆ 33 ವರ್ಷ ಜನ ತಲೆದೂಗಿದ್ದು ತಪ್ಪು ಶ್ರುತಿಗೆ. ಇನ್‌ಸ್ಪೆಕ್ಷನ್ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕಾ? ಕಾಮತರು ತಮ್ಮ ಯಾವ ತಟ್ಟೆ ಹಳೆಯ ಶ್ರುತಿಯದ್ದು, ಯಾವುದು ಹೊಸ ಶ್ರುತಿಯದ್ದು ಅಂತ ಸಾಕ್ಷಿ ಸಮೇತ ಬರೆದಿಡೋಕೆ ಹೊರಟರು. ಸಾಕ್ಷಿ ಎಲ್ಲಿಂದ ತರುವುದು? ಕಣ್ಣು ಫ್ರಿಜ್ಜಿನ ಮೇಲೆ ಹೋಯಿತು. ಅಲ್ಲಿ ನನ್ನ ಹೆಂಡತಿಯ ಎಲೆಕ್ಟ್ರಾನಿಕ್ ತಂಬೂರಿ ಇತ್ತು.

ನನ್ನ ಹೆಂಡತಿ ಧಾರವಾಡದವಳು. ಇಲ್ಲಿ ಭಜನಾ ಮಂಡಳಿಗೆ ಅವಳೇ ಆಧಾರ. ಅವಳ ಸ್ವರ ಕರಿ ನಾಲ್ಕು, ಅಂದರೆ ಹಾರ್ಮೋನಿಯಮ್ಮಿನ ನಾಲ್ಕನೇ ಕರಿ ಮನೆ. ತಂಬೂರಿಯ ಗುಂಡಿ ವರ್ಷಗಟ್ಟಲೆ ಕರಿ ನಾಲ್ಕರಿಂದ ಅಲುಗಿಲ್ಲ. ಅದರ ಮೇಲೆ ಅವಳೇ ಹೆಣೆದ ಕ್ರೋಶಾದ ಹೊದಿಕೆ. ‘ಸೋ ವಾಟ್’ ಇರುವುದು ಬಿಳಿ ಎರಡರಲ್ಲಿ. ಕಾಮತರು ಹೊದಿಕೆ ಸರಿಸಿ, ಗುಂಡಿ ತಿರುಗಿಸಿ, ಬಿಳಿ ಎರಡಕ್ಕೆ ತಂದು ನಿಲ್ಲಿಸಿದರು. ತಂಬೂರಿ ಗಂಡುದನಿಯಲ್ಲಿ ಮೊರೆಯಿತು. ಅದರ ಮೇಲೆ ಹಾಲೆಂಡಿನ ತಟ್ಟೆ ಹಾಕಿದರು.

‘ಕೇಳಿ, ಕೇಳಿ! ಮೇಲೆ ಉಂಟು!’ ಕಾಮತರು ಕುಣಿಯುವುದೊಂದು ಬಾಕಿ. ನಿಜಕ್ಕೂ ಬಾಸ್ ಮತ್ತು ತಂಬೂರಿಯ ನಡುವೆ ಏನೋ ತುರಿಕೆ ಇತ್ತು. ಅಷ್ಟರಲ್ಲಿ ಹಾಡು ತನ್ನ ಪಾಡಿಗೆ ಮುಂದೆ ಹೋಯಿತು. ಈ ಹಾಡಿನ ಲಕ್ಷಣವೇ ಹಾಗೆ. ಹದಿನಾರು ಬಾರ್, ಅಂದರೆ ತಾಳದ ಹದಿನಾರು ಆವರ್ತ, ಬಿಳಿ ಎರಡರಲ್ಲಿ ಇರುತ್ತದೆ. ಆಮೇಲೆ ಎಂಟು ಬಾರ್‌ಗಳ ಮಟ್ಟಿಗೆ ಇಡೀ ತಂಡ ಸೀದಾ ಪಕ್ಕದ ಕರಿ ಎರಡಕ್ಕೆ ಹತ್ತುತ್ತದೆ. ಮತ್ತೆ ಕೆಳಗಿಳಿಯುತ್ತದೆ. ಮೈಲ್ಸ್ ತಂಡ ಹತ್ತಿತು. ತಂಬೂರಿ ಹತ್ತಲಿಲ್ಲ. ಆ ಎಂಟು ಬಾರ್ ನಮ್ಮ ಹಾಲಿನಲ್ಲಿ ಎದ್ದ ಸದ್ದಿಗೆ ಮೇಲಿನ ಮನೆಯ ಮಗು ಎದ್ದು ಅತ್ತಿತು.

ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದು ಬಂದಳು. ‘ಯಾರ್ರೀ ಅವರು, ಹಿಂಗ ಶ್ರುತಿ ಬಿಟ್ಟು ನುಡಸಾಕತ್ತಾರ?’

‘ಅಕ್ಕಾ, ಅದು ಬೇಕೂಂತಲೇ ಒಂದು ಮನೆ ಮೇಲೆ ಹೋಗುವುದು’ ಅಂದರು ಕಾಮತರು.

‘ಹೋಗೋರು ತಂಬೂರಿಗೊಂದು ಮಾತು ಹೇಳಿ ಹೋಗಬೇಕಿಲ್ಲೋ?’

‘ಅಲ್ಲಕ್ಕಾ, ಮತ್ತೆ ಕೆಳಗೆ ಬರ್ತಾರೆ.’

‘ವಾಪಸ್ ಬರೋದಿತ್ತಂದ್ರ ಹೋಗಿದ್ದ್ಯಾಕ?’

ಜಾಝ್ ಬಗ್ಗೆ ಇಷ್ಟು ನೇರವಾದ ಪ್ರಶ್ನೆ ನಾನು ಎಲ್ಲೂ ಓದಿಲ್ಲ. ಕಾಮತರ ಹತ್ತಿರ ಉತ್ತರ ಇರಲಿಲ್ಲ. ಅವರು ಜಪಾನಿನ ತಟ್ಟೆ ತೆಗೆದರು. ಹೀಗೆ ಚೀಲದಲ್ಲಿದ್ದ ಎಲ್ಲವೂ ಒಂದೊಂದಾಗಿ ತಂಬೂರಿಯ ಜೊತೆ ಸಂಘರ್ಷಕ್ಕೆ ಇಳಿದವು. ಎದುರು ಮನೆಯವರು ಬಾಗಿಲು ತಟ್ಟಿ, ಸತ್ಯನಾರಾಯಣ ಪೂಜೆ ಎಷ್ಟು ಹೊತ್ತಿಗೆ ಮುಗಿಯುತ್ತೆ, ಪ್ರಸಾದಕ್ಕೆ ಬರಬಹುದಾ ಅಂತ ವಿಚಾರಿಸಿಕೊಂಡು ಹೋದರು.

ಕಾಮತರು ಹೊರಟಾಗ ಹೊದಿಕೆಯನ್ನು ಮೊದಲಿನಂತೆಯೇ ಅಂದವಾಗಿ ಹೊದಿಸಿದರು. ಗುಂಡಿ ತಿರುಗಿಸಲಿಲ್ಲ.

ಮರುದಿನ ಸಂಜೆ ಭಜನೆ. ಅವಳು ಮೈಕು ಸರಿಮಾಡುತ್ತಾ ತಂಬೂರಿಯ ಸ್ವಿಚ್ಚು ಒತ್ತಲು ಪಕ್ಕದವರಿಗೆ ಹೇಳಿದ್ದಾಳೆ. ಮಂಡಳಿಯ ಹೆಂಗಸರು ಶ್ರದ್ಧೆಯವರು. ತಂಬೂರಿ ಯಾವ ಮನೆಯಲ್ಲಿದೆಯೋ ಅಲ್ಲಿಗೇ ಹೋಗುವವರು. ಕಣ್ಣು ಮುಚ್ಚಿ ಎಲ್ಲರೂ ಬಿಳಿ ಎರಡಕ್ಕೆ ಇಳಿದರು. ಗಣಪತಿ ಸ್ತುತಿ ಗಂಟಲಿನ ತಳದಿಂದ ಬಂತಂತೆ. ಮುಂದಿನ ಸಾಲಿನ ಅಜ್ಜಿಯೊಬ್ಬರು ‘ಅಯ್ಯೋ, ಇವತ್ತು ಎಲ್ಲರಿಗೂ ಒಟ್ಟಿಗೇ ನೆಗಡಿ ಆಗಿದ್ಯಾ?’ ಅಂತ ಗಟ್ಟಿಯಾಗಿಯೇ ಕೇಳಿದರಂತೆ. ಇದಕ್ಕೆಲ್ಲ ಹೊಣೆ ಯಾರು? ನಾನು! ಕಾಮತರು ವಯಸ್ಸಾದವರು, ಅವರಿಗೆ ಏನು ಗೊತ್ತಾಗುತ್ತೆ, ನೀವು ನೋಡಬೇಕಿತ್ತು ಅಂತ. ಮಂಗಳವಾರ ಕಾಮತರು ಬಂದಾಗ ಅವರಿಗೆ ಕಾಫಿ ಬಂತು, ಜೊತೆಗೆ ಶಂಕರಪೋಳಿ. ನನಗೆ ಇನ್ನೂ ಅರ್ಧ ಮಾತು, ಅರ್ಧ ಕಾಫಿ.

ಸಿಟ್ಟಿನಲ್ಲಿ ಕೇಳಿಯೇ ಬಿಟ್ಟೆ. ‘ಕಾಮತರೇ, ನೀವು ಯಾವುದಾದರೂ ರೆಕಾರ್ಡನ್ನು ಕೊನೆತನಕ ಕೇಳಿದ್ದುಂಟಾ?’

‘ಇದ್ಯಲ್ಲ, ಚಿಕ್ ಚಾಕಲೇಟ್‌ದು’ ಅಂದರು.

ಅದು ನಿಜ. ಚಿಕ್ ಚಾಕಲೇಟ್ ಅಂದರೆ ಗೋವಾದ ಆಂಟೋನಿಯೋ ಝೇವಿಯರ್ ವಾಜ್. ಟ್ರಂಪೆಟ್ಟಿನವನು. ತಾಜ್ ಹೋಟೆಲಿನಲ್ಲಿ ನುಡಿಸಿದವನು. ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಅಂತ ಹೆಸರಾದವನು. ಸಿನಿಮಾದಲ್ಲಿ ಸಿ. ರಾಮಚಂದ್ರ ಅವರಿಗೆ ಸಹಾಯಕನಾಗಿದ್ದ. ಅವನ ಒಂದು ತಟ್ಟೆ, ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಕಾಲದ್ದು, ಅರಗಿನದ್ದು, ಅಂಚು ಚೂರು ಒಡೆದದ್ದು, ಕಾಮತರಿಗೆ ಎಲ್ಲೋ ಸಿಕ್ಕಿದೆ. ಅದರ ಎರಡನೇ ಪ್ರತಿ ಅವರಿಗೆ ಸಿಕ್ಕಿಲ್ಲ. ಹೋಲಿಸೋಕೆ ಏನೂ ಇಲ್ಲ. ಹಾಗಾಗಿ ಅದನ್ನು ಹಾಕಿದಾಗ ಕಾಮತರು ಸುಮ್ನೆ ಕೂರುತ್ತಾರೆ. ಮೂರು ನಿಮಿಷ, ಮುಳ್ಳು ಒಳಗಿನ ವೃತ್ತಕ್ಕೆ ಬರುವವರೆಗೆ. ಕಾಲಿನ ಹೆಬ್ಬೆರಳು ತಾಳ ಹಾಕುತ್ತಿರುತ್ತದೆ. ಸಿರಸಿರ ಸದ್ದು, ಟಿಕ್ಕು, ಯಾವುದೂ ಅಡ್ಡಿಯಿಲ್ಲ. ಫ್ಯಾನು ಕೂಡ ಓಡುತ್ತಿರುತ್ತದೆ!

ಆ ದಿನ ಅವರು ಇನ್ನೊಂದು ಮಾತು ಹೇಳಿದರು. 1978ರಲ್ಲಿ ಧೋಬಿ ತಲಾವ್ ಪಕ್ಕದ ರಂಗಭವನ ಬಯಲು ರಂಗಮಂದಿರದಲ್ಲಿ ಮೊದಲ ಜಾಝ್ ಯಾತ್ರಾ ಉತ್ಸವ ನಡೆಯಿತು. ಸ್ಯಾಕ್ಸೋಫೋನಿನ ಸಾನಿ ರಾಲಿನ್ಸ್ ಬಂದಿದ್ದ. ಕಾಮತರು ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗ. ಚಾಪೆ ಹಾಸಿಕೊಳ್ಳುವಷ್ಟೇ ಜಾಗದಲ್ಲಿ ಡೊಂಬಿವಲಿಯಲ್ಲಿ ವಾಸ. ‘ಮಧ್ಯದಲ್ಲಿ ಎದ್ದೆ ಮಾರಾಯ್ರೆ. ಕೊನೆಯ ಲೋಕಲ್ ತಪ್ಪಿದ್ರೆ ಎಲ್ಲಿ ಮಲಗುವುದು? ವಿ.ಟಿ. ಸ್ಟೇಷನ್ ಕಡೆ ಓಡ್ತಾ ಇದ್ದೇನೆ, ಹಿಂದಿನಿಂದ ಸ್ಯಾಕ್ಸೋಫೋನ್ ಕೇಳ್ತಾ ಉಂಟು.’

‘ಲೋಕಲ್ ಸಿಕ್ಕಿತಾ?’

‘ಸಿಕ್ಕಿತು’ ಅಂದರು. ಸಿಕ್ಕಿದ್ದೇ ದೊಡ್ಡ ನಷ್ಟ ಅನ್ನುವ ದನಿಯಲ್ಲಿ. ರಂಗಭವನದಲ್ಲಿ ಈಗ ಸಂಗೀತ ಕಛೇರಿಗಳು ನಡೆಯುವುದಿಲ್ಲ. ಸುತ್ತ ಕಾಲೇಜು, ಆಸ್ಪತ್ರೆ, ಮೌನ ವಲಯ. ನಾನು ಬೇರೇನೂ ಕೇಳಲಿಲ್ಲ. ಅವರು ಶಂಕರಪೋಳಿ ಮುಗಿಸಿ, ಬೆರಳನ್ನು ಬನಿಯನ್ನಿಗೆ ಒರೆಸಿ, ಚೀಲಕ್ಕೆ ಕೈ ಹಾಕಿದರು. ಮತ್ತೆ ಗುಸುಗುಸು, ಹೂಂ-ಹೂಂ, ಝಣ್, ಟಪ್.

ನಿನ್ನೆ ಆಫೀಸಿಗೆ ಹೋಗುವಾಗ ನಾನೇ ಒಂದು ದಾರಿ ಕಂಡುಕೊಂಡೆ. ಥಾಣೆ ದಾಟಿದ ಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಮೊಬೈಲಿನಲ್ಲಿ ‘ಸೋ ವಾಟ್’ ಹಾಕಿದೆ. ಒಬ್ಬನ ಮೊಣಕೈ ಪಕ್ಕೆಯಲ್ಲಿ, ಇನ್ನೊಬ್ಬನ ಛತ್ರಿಯ ನೀರು ಬೂಟಿನಲ್ಲಿ. ಮೈಲ್ಸ್ ನುಡಿಸಿದ. ಅಂತೂ ಕೋಲ್ಟ್ರೇನ್ ಬಂದ, ಆಡರ್ಲಿ ಬಂದ, ಬಿಲ್ ಎವನ್ಸ್ ಬಂದ. ಘಾಟ್‌ಕೋಪರಿನ ಮುಂಚೆ ಹಾಡು ಮುಗಿಯಿತು! ಖುಷಿ ತಡೆಯಲಾಗದೆ ಕಾಮತರಿಗೆ ಫೋನು ಮಾಡಿದೆ.

‘ಪೂರ್ತಿ ಕೇಳಿದೆ ಕಾಮತರೇ!’

‘ಯಾವುದು? 1992ರ ನಂತರದ್ದಾ, ಹಳೆಯದಾ?’

‘ಗೊತ್ತಿಲ್ಲ. ಲೋಕಲ್ಲಿನಲ್ಲಿ ಕೇಳಿದ್ದು.’

‘ಗೊತ್ತಿಲ್ಲ ಅಂದ್ರೆ ಎಂಥದ್ದು ಮಾರಾಯ್ರೆ? ಸ್ಪೀಡು ಸರಿ ಇತ್ತಾ?’

‘ಬೆಳಿಗ್ಗೆಯಿಂದ ಮಳೆ ಹೊಡೀತಿದೆ ಕಾಮತರೇ’ ಅಂದೆ. ‘ಸ್ಪೀಡು ಎಲ್ಲಿಂದ ಬರಬೇಕು?’