ಮೈಕಿನಲ್ಲಿ ಕೇಳುವ ಪ್ರಶ್ನೆಯೇ ಅದು?

ಕನಿಷ್ಠ ಮೈಕನ್ನಾದರೂ ಆರಿಸಿ ಕೇಳಬಹುದಿತ್ತು. ಅಧಿಕಾರಿಗಳು ಮನವಿ ಸ್ವೀಕರಿಸುವ ಸಭೆ ಮುಗಿದು ಮನೆ ಸೇರಿ ಎಷ್ಟೋ ಹೊತ್ತಾಯಿತು. ಊಟ ಸೇರಲಿಲ್ಲ, ನಿದ್ದೆ ಬರುವ ಲಕ್ಷಣವೂ ಇಲ್ಲ. ಯಾರೊಡನೆಯಾದರೂ ಹೇಳಿಕೊಳ್ಳದಿದ್ದರೆ ಈ ಸಿಟ್ಟು ಇಳಿಯುವುದಿಲ್ಲ.

ನಾವು ಕೇಳಿದ್ದು ಆಕಾಶವನ್ನೇನೂ ಅಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಮಂಜೇಶ್ವರ ತಾಲೂಕಿನ ಯಾವುದಾದರೊಂದು ಸರಕಾರಿ ಆಸ್ಪತ್ರೆಯಲ್ಲಿ ಕುಡಿತ ಮತ್ತು ಮಾದಕ ವಸ್ತುಗಳ ಚಟಕ್ಕೆ ಸಿಲುಕಿದವರನ್ನು ಮಲಗಿಸಿ ನೋಡಿಕೊಳ್ಳಲು ಕೆಲವು ಹಾಸಿಗೆಗಳು, ಕನ್ನಡವನ್ನೂ ತುಳುವನ್ನೂ ಬಲ್ಲ ಒಬ್ಬ ಆಪ್ತಸಮಾಲೋಚಕರು, ಮನೆಗೆ ಮರಳಿದವರನ್ನು ತಿಂಗಳಿಗೊಮ್ಮೆಯಾದರೂ ವಿಚಾರಿಸುವ ವ್ಯವಸ್ಥೆ. ಇಲ್ಲಿನ ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲೇ ವ್ಯವಹರಿಸಬಹುದೆಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಹೇಳುತ್ತದೆ; ಆದರೂ ಯಾರಿಗೂ ನೆಪ ಸಿಗಬಾರದೆಂದು ಮನವಿಗೆ ಮಲಯಾಳದ ಪ್ರತಿಯನ್ನೂ ಲಗತ್ತಿಸಿದ್ದೆವು.

ಮನವಿ ತೆಗೆದುಕೊಂಡ ಅಧಿಕಾರಿಗಳು ಎರಡನ್ನೂ ಓದಲಿಲ್ಲ. ತಲೆಬರಹದ ಮೇಲೆ ಕಣ್ಣಾಡಿಸಿ, ಮೈಕನ್ನು ಬಾಯಿಯ ಬಳಿಗೆ ಎಳೆದುಕೊಂಡು, ‘ಟೀಚರೇ, ನಿಮ್ಮ ಮನೆಯಲ್ಲಿ ಕುಡಿಯುವವರು ಯಾರು?’ ಎಂದು ಕೇಳಿದರು. ಸಭಾಂಗಣ ನಕ್ಕಿತು. ಇದು ನನ್ನ ಮನೆಯ ಪ್ರಶ್ನೆಯಲ್ಲ ಸರ್, ಊರಿನ ಪ್ರಶ್ನೆ ಎಂದೆ. ‘ಹಾಗಾದರೆ ಯಾರ ಮನೆಯದು? ಹೆಸರು ಹೇಳಿ, ನೋಡೋಣ’ ಎಂದರು. ನನ್ನ ಬೆನ್ನ ಹಿಂದೆಯೇ, ಮನವಿಗೆ ಸಹಿ ಹಾಕಿದ್ದ ಒಬ್ಬ ತಾಯಿ ನಿಂತಿದ್ದರು. ಮಗನ ಆಸ್ಪತ್ರೆಯ ಚೀಟಿಗಳನ್ನೆಲ್ಲ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಜೋಡಿಸಿಕೊಂಡು, ಕೇಳಿದರೆ ತೋರಿಸುತ್ತೇನೆಂದು ಬೆಳಗ್ಗಿನಿಂದ ಕೈಯಲ್ಲೇ ಹಿಡಿದುಕೊಂಡಿದ್ದರು. ಹೆಸರು ಹೇಳಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಆ ಚೀಲವನ್ನು ಮಡಚಿ, ಇನ್ನೂ ಚಿಕ್ಕದಾಗಿ ಮಡಚಿ, ಸೆರಗಿನೊಳಗೆ ಸೇರಿಸಿಕೊಂಡರು. ಅಧಿಕಾರಿಗಳ ಕೊನೆಯ ಮಾತು ಹೀಗಿತ್ತು: ‘ಕುಡಿತವಾದರೆ ಎಕ್ಸೈಸಿನವರನ್ನು ನೋಡಿ, ತಲೆ ಕೆಟ್ಟದ್ದಾದರೆ ಹೆಲ್ತಿನವರನ್ನು ನೋಡಿ. ಯಾವುದೆಂದು ತೀರ್ಮಾನಿಸಿಕೊಂಡು ಬನ್ನಿ.’ ಮುಂದಿನ ಟೋಕನ್ ಕರೆದರು.

ತೀರ್ಮಾನಿಸಬೇಕಾದವರು ನಾವೇ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಎಂದೋ ತೀರ್ಮಾನಿಸಿದೆ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಉಂಟಾಗುವ ಮಾನಸಿಕ ಸ್ಥಿತಿಗಳೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಬರುತ್ತವೆ. ಅದೇ ಕಾಯ್ದೆಯ 23ನೇ ಸೆಕ್ಷನ್ ರೋಗಿಯ ವಿಷಯವನ್ನು ಗೌಪ್ಯವಾಗಿ ಇಡಬೇಕೆನ್ನುತ್ತದೆ. ತುಂಬಿದ ಸಭೆಯಲ್ಲಿ ಹೆಸರು ಹೇಳಿ ಎನ್ನುವ ಅಧಿಕಾರಿಗೆ ಇದನ್ನು ಯಾರು ಓದಿ ಹೇಳಬೇಕು? ಅಬಕಾರಿ ಇಲಾಖೆಯ ಚಟ ಬಿಡಿಸುವ ‘ವಿಮುಕ್ತಿ’ ಯೋಜನೆಯ ಚಿಕಿತ್ಸಾ ಕೇಂದ್ರ ನಮ್ಮ ಜಿಲ್ಲೆಯಲ್ಲಿ ಇರುವುದಾದರೂ ಎಲ್ಲಿ? ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿ. ಅಲ್ಲಿ ಎರಡು ಇಲಾಖೆಗಳು ಕೂಡಿ ಕೆಲಸ ಮಾಡಬಹುದಾದರೆ ಒಂದು ಮನವಿಯನ್ನು ಕೂಡಿ ಓದಲು ಏನು ಅಡ್ಡಿ? ಆದರೆ ನಮ್ಮ ತಾಲೂಕಿನ ಪೈವಳಿಕೆಯಿಂದಲೋ ವರ್ಕಾಡಿಯಿಂದಲೋ ಕೈಕಾಲು ನಡುಗುವ ಗಂಡಸನ್ನು ಬಸ್ಸಿನಿಂದ ಬಸ್ಸಿಗೆ ಹತ್ತಿಸಿ, ಜಿಲ್ಲೆಯ ಉದ್ದಕ್ಕೂ ನೀಲೇಶ್ವರದವರೆಗೆ ಕರೆದೊಯ್ಯುವುದೆಂದರೆ ಏನೆಂದು ಕರೆದೊಯ್ದವರಿಗೇ ಗೊತ್ತು.

ಭಾಷೆಯ ಮಾತೆತ್ತಿದರೆ ‘ನಿಮ್ಮದು ಯಾವಾಗಲೂ ಇದೇ ರಾಗ’ ಎನ್ನುತ್ತಾರೆ. ಒಂದು ಕಡೆ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ತಂದೆಗೆ ಮಲಯಾಳ ಬಾರದು, ಸಮಾಲೋಚಕರಿಗೆ ಕನ್ನಡ ಬಾರದು. ಜೊತೆಗೆ ಬಂದಿದ್ದ ಮಗಳು ಏಳನೆಯ ತರಗತಿಯವಳು, ಶಾಲೆಯಲ್ಲಿ ಮಲಯಾಳ ಕಲಿತವಳು. ಅವಳನ್ನೇ ನಡುವೆ ಕೂರಿಸಿದರು. ಎಷ್ಟು ಕುಡಿಯುತ್ತೀರಿ, ಯಾವಾಗಿನಿಂದ, ಮನೆಯಲ್ಲಿ ಹೊಡೆಯುವುದುಂಟೇ, ಸಾಯಬೇಕೆಂದು ಅನಿಸುತ್ತದೆಯೇ, ಎಲ್ಲವನ್ನೂ ಆ ಮಗು ಅಪ್ಪನನ್ನು ಕನ್ನಡದಲ್ಲಿ ಕೇಳಿ ಉತ್ತರವನ್ನು ಮಲಯಾಳದಲ್ಲಿ ಹೇಳಬೇಕಾಯಿತು. ಕೊನೆಯ ಪ್ರಶ್ನೆಗೆ ಆತ ಮಗಳ ಮುಖ ನೋಡಿ ‘ಇಲ್ಲ’ ಎಂದ. ಬೇರೇನು ಹೇಳಿಯಾನು? ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಮಾಹಿತಿ ಸಿಗಬೇಕೆಂದು ಅದೇ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 22ನೇ ಸೆಕ್ಷನ್‌ನಲ್ಲಿ ಬರೆದಿಟ್ಟಿರುವುದು ಇಂತಹವರಿಗಾಗಿ.

ಇನ್ನು ಸಾಕು, ಬಿಟ್ಟುಬಿಡೋಣ ಎಂದು ಬಸ್ಸಿನಲ್ಲಿ ಕುಳಿತಾಗ ನಿಶ್ಚಯಿಸಿದ್ದೆ. ಮನವಿ ಕೊಟ್ಟು ಈ ಊರಿನಲ್ಲಿ ಏನು ತಾನೇ ಆಗಿದೆ? ನಕ್ಕವರ ಮೇಲೂ ನನಗೆ ಕೋಪವಿಲ್ಲ. ಅವರಲ್ಲಿ ಎಷ್ಟು ಜನರ ಮನೆಯೊಳಗೆ ಇದೇ ಸಂಕಟವಿದೆಯೆಂದು ಬಲ್ಲೆ. ಇಲ್ಲ, ಕೋಪವಿದೆ. ಮನೆಯೊಳಗೆ ಅತ್ತು ಸಭೆಯಲ್ಲಿ ನಗುವವರಿಂದಲೇ ಇದು ಹೀಗೆ ಉಳಿದಿದೆ.

2020ರ ಮಾರ್ಚ್ ಎಲ್ಲರಿಗೂ ಮರೆತುಹೋಯಿತೇ? ಲಾಕ್‌ಡೌನಿನಲ್ಲಿ ಮದ್ಯದಂಗಡಿಗಳು ಒಮ್ಮೆಲೇ ಮುಚ್ಚಿದಾಗ ಕೇರಳದಲ್ಲಿ ಜನ ಆತ್ಮಹತ್ಯೆ ಮಾಡಿಕೊಂಡರು. ವೈದ್ಯರ ಚೀಟಿಯಿದ್ದರೆ ಮದ್ಯ ಕೊಡಬಹುದೆಂದು ಸರಕಾರ ಆದೇಶ ಹೊರಡಿಸಿತು, ಏಪ್ರಿಲ್ 2ರಂದು ಹೈಕೋರ್ಟು ಅದಕ್ಕೆ ತಡೆ ನೀಡಿತು. ವರ್ಷಗಟ್ಟಲೆ ವಿಪರೀತ ಕುಡಿದವರು ಹಠಾತ್ತನೆ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಅಪಸ್ಮಾರದಂತಹ ಸೆಳೆತವೂ ಸನ್ನಿಯೂ ಬಂದು ಪ್ರಾಣಕ್ಕೇ ಸಂಚಕಾರವಾಗಬಹುದು. ಔಷಧಿ ಕೊಟ್ಟು, ಬಿ1 ಜೀವಸತ್ವ ಕೊಟ್ಟು, ಹತ್ತಿರವಿದ್ದು ನೋಡಿಕೊಳ್ಳಬೇಕು. ಮನಸ್ಸು ಗಟ್ಟಿ ಮಾಡಿದರೆ ಬಿಡಬಹುದು ಎಂದು ಬುದ್ಧಿ ಹೇಳಿ ಕಳುಹಿಸುವ ಕಾಯಿಲೆಯಲ್ಲ ಇದು. ಅದೇ ದಿನಗಳಲ್ಲಿ ಕರ್ನಾಟಕಕ್ಕೆ ಹೋಗುವ ತಲಪಾಡಿಯ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಈ ಜಿಲ್ಲೆಯ ರೋಗಿಗಳು ಚಿಕಿತ್ಸೆ ಸಿಗದೆ ಸತ್ತರು. ಸೇವೆ ಲಭ್ಯವಿಲ್ಲದಿದ್ದರೆ ಬೇರೆಡೆಯ ಚಿಕಿತ್ಸೆಯ ಖರ್ಚನ್ನು ಸರಕಾರವೇ ಭರಿಸಬೇಕೆಂದು ಅದೇ ಕಾಯ್ದೆಯ 18ನೇ ಸೆಕ್ಷನ್ ಹೇಳುತ್ತದೆ, ಆದರೆ ಅದು ಜಿಲ್ಲೆಯ ಒಳಗಿನ ಮಾತು. ನಮಗೆ ಹತ್ತಿರದ ಆಸ್ಪತ್ರೆ ಇರುವುದು ಇನ್ನೊಂದು ರಾಜ್ಯದಲ್ಲಿ. 14416ಕ್ಕೆ ಕರೆ ಮಾಡಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ, ಅದು ಒಳ್ಳೆಯದೇ, ಎಲ್ಲರೂ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ; ಆದರೆ ನಡುರಾತ್ರಿ ಸೆಳೆತ ಬಂದವನಿಗೆ ಫೋನು ಹಾಸಿಗೆ ಕೊಡಲಾರದು.

ಸಂಜೆ ಆ ತಾಯಿ ಕರೆ ಮಾಡಿದ್ದರು. ‘ಟೀಚರೇ, ನನ್ನ ಸಹಿಯನ್ನು ಅದರಿಂದ ತೆಗೆಸಿಬಿಡಿ, ಮಗಳಿಗೆ ಸಂಬಂಧ ನೋಡುತ್ತಿದ್ದೇವೆ’ ಎಂದರು. ಆಗಲಿ ಅಮ್ಮ ಎಂದೆ. ಮತ್ತೇನು ಹೇಳಲಿ?

ಈಗ ಯಾರಾದರೂ ಉತ್ತರ ಕೊಡಿ. ಆರೋಗ್ಯ ಇಲಾಖೆಯವರಾಗಲಿ, ಅಬಕಾರಿ ಇಲಾಖೆಯವರಾಗಲಿ, ನಮ್ಮ ಮತ ಪಡೆದ ಸದಸ್ಯರಾಗಲಿ, ಈ ಮನವಿ ಯಾರ ಮೇಜಿನಲ್ಲಿ ಇರಬೇಕಾದದ್ದೆಂದು ಕನ್ನಡದಲ್ಲಿ, ಲಿಖಿತವಾಗಿ ತಿಳಿಸಿ. ಆ ಮೇಜಿಗೇ ತಂದು ಕೊಡುತ್ತೇನೆ. ಹೆಸರುಗಳ ಪಟ್ಟಿಯನ್ನು ಮಾತ್ರ ಇನ್ನು ಮುಂದೆ ಯಾರ ಕೈಗೂ ಕೊಡುವುದಿಲ್ಲ. ಬೇಕಾದರೆ ಕೆಳಗೆ ನನ್ನದೊಂದೇ ಸಹಿ ಇರಲಿ.