ಕಸ ಒಂದು ಸಚಿವಾಲಯದ್ದು, ಹೊಗೆ ಇನ್ನೊಂದರದ್ದು

ಬೇಸಿಗೆ ಬಂತೆಂದರೆ ಕಲಬುರಗಿಯವರು ಮಲಗುವುದು ಮಾಳಿಗೆಯ ಮೇಲೆ. ಸಂಜೆ ನಾಲ್ಕು ಕೊಡ ನೀರು ಹೊಯ್ದು ಕಾವು ಇಳಿಸಿ ಹಾಸಿಗೆ ಹಾಸಿದರೆ ನಡುರಾತ್ರಿಯ ಹೊತ್ತಿಗೆ ತಂಗಾಳಿ ಬೀಸುತ್ತದೆ. ನಮ್ಮ ಅವ್ವ ಎರಡು ವರ್ಷದಿಂದ ಮಾಳಿಗೆ ಹತ್ತಿಲ್ಲ. ಮೊಣಕಾಲು ನೋವು ಎಂದು ನೆರೆಯವರು ತಿಳಿದಿದ್ದಾರೆ. ಕಾರಣ ಅದಲ್ಲ. ನಸುಕಿನಲ್ಲಿ ನಮ್ಮ ಓಣಿಯ ತಿರುವಿನಲ್ಲಿ ಕಸಕ್ಕೆ ಬೆಂಕಿ ಬೀಳುತ್ತದೆ, ಆ ಹೊಗೆಗೆ ಅವ್ವನ ಉಬ್ಬಸ ಕೆರಳುತ್ತದೆ. ಹೋದ ತಿಂಗಳು ಒಣಹಾಕಿದ್ದ ಸಂಡಿಗೆಯ ಮೇಲೆ ಕರಿ ಚೂರುಗಳು ಬಿದ್ದಿದ್ದವು. ಬೆರಳಲ್ಲಿ ತಿಕ್ಕಿದರೆ ಜಿಗುಟು. ಎಲೆಯ ಬೂದಿಯಾಗಿದ್ದರೆ ಪುಡಿಯಾಗುತ್ತಿತ್ತು. ಇದು ಸುಟ್ಟ ಪ್ಲಾಸ್ಟಿಕ್.

ಒಂದು ದಿನ ಸಿಟ್ಟಿನಲ್ಲೇ ಕೆಳಗಿಳಿದು ಹೋದೆ. ಹಾಲಿನ ಪಾಕೀಟು, ಬೇವಿನ ಎಲೆ, ತೆಂಗಿನ ಚಿಪ್ಪು, ಒಂದು ಟೈರಿನ ತುಂಡು, ಎಲ್ಲವೂ ಒಂದೇ ರಾಶಿಯಲ್ಲಿ ಉರಿಯುತ್ತಿದ್ದವು. ಪಕ್ಕದಲ್ಲಿ ಪೊರಕೆ ಹಿಡಿದು, ಸೆರಗಿನಿಂದ ಮೂಗು ಮುಚ್ಚಿಕೊಂಡು ಪೌರಕಾರ್ಮಿಕ ಮಹಿಳೆ ನಿಂತಿದ್ದರು. “ಯಾಕಕ್ಕ ಸುಡುತ್ತೀರಿ?” ಎಂದು ಕೇಳಿದೆ. “ಏನು ಮಾಡಲಿ ತಾಯಿ, ಮೂರು ದಿನದಿಂದ ಗಾಡಿ ಬಂದಿಲ್ಲ. ಹಾಗೇ ಬಿಟ್ಟರೆ ನಾಯಿಗಳು ಎಳೆದಾಡುತ್ತವೆ, ಮತ್ತೆ ನಾನೇ ಗುಡಿಸಬೇಕು. ಹೊಗೆ ನಿಮಗಿಂತ ಮೊದಲು ನನ್ನ ಎದೆಗೇ ಹೋಗುತ್ತದೆ” ಎಂದರು. ನನ್ನ ಸಿಟ್ಟು ಅವರ ಮೇಲಿಂದ ಅಲ್ಲೇ ಇಳಿಯಿತು. ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗಲಿ ಎಂದು ಈ ಬರಹ.

ಕೇಂದ್ರ ಸರ್ಕಾರ 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಆರಂಭಿಸಿತು. ಅದರಡಿ 130 ನಗರಗಳು ಬಂದವು. ಕರ್ನಾಟಕದಿಂದ ನಾಲ್ಕು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಮತ್ತು ನಮ್ಮ ಕಲಬುರಗಿ. ಆ ಪಟ್ಟಿಯಲ್ಲಿ ಹೆಸರು ಬಂದದ್ದು ಬಹುಮಾನವೇನಲ್ಲ. ರಾಷ್ಟ್ರೀಯ ಮಾನದಂಡವನ್ನು ವರ್ಷಗಟ್ಟಲೆ ಮುಟ್ಟದ ಊರುಗಳ ಪಟ್ಟಿ ಅದು. 2017ಕ್ಕೆ ಹೋಲಿಸಿ 2024ರೊಳಗೆ ಗಾಳಿಯ ಕಣಗಳನ್ನು ಶೇ 20ರಿಂದ 30ರಷ್ಟು ತಗ್ಗಿಸಬೇಕು ಎಂಬುದು ಮೊದಲ ಗುರಿ. ಆಮೇಲೆ ಗುರಿಯನ್ನು ಶೇ 40ಕ್ಕೆ ಏರಿಸಿ ಗಡುವನ್ನು 2025–26ಕ್ಕೆ ಒಯ್ದರು.

ಕಸ ಎತ್ತುವುದು ಮಹಾನಗರ ಪಾಲಿಕೆಯ ಕೆಲಸ, ದಿಲ್ಲಿಯನ್ನೇಕೆ ಎಳೆಯುತ್ತೀರಿ ಎಂದು ಸ್ನೇಹಿತರು ಕೇಳುತ್ತಾರೆ. ಸಂವಿಧಾನದ ಹನ್ನೆರಡನೇ ಅನುಸೂಚಿಯಲ್ಲಿ ಕಸ ಪಾಲಿಕೆಯ ಪಾಲಿಗೇ ಇದೆ, ಒಪ್ಪುತ್ತೇನೆ. ಆದರೆ ಗಾಳಿಗೆ ಮಾನದಂಡ ಬರೆದವರು ಯಾರು? 2016ರಲ್ಲಿ ಘನತ್ಯಾಜ್ಯ ನಿರ್ವಹಣಾ ನಿಯಮ ಮಾಡಿ, ಹಸಿ ಕಸ ಒಣ ಕಸ ಬೇರೆಯಾಗಬೇಕು, ಬಯಲಲ್ಲಿ ಸುಡಬಾರದು ಎಂದವರು ಯಾರು? ಹದಿನೈದನೇ ಹಣಕಾಸು ಆಯೋಗದ ಗಾಳಿ ಅನುದಾನ ಸಿಕ್ಕಿದ್ದು ಹತ್ತು ಲಕ್ಷ ಮೀರಿದ ನಗರಗಳಿಗೆ. 2011ರ ಜನಗಣತಿಯಲ್ಲಿ ನಾವು ಐದು ಲಕ್ಷ ಚಿಲ್ಲರೆ. ಹಾಗಾಗಿ ನಮ್ಮಂಥ ಊರುಗಳು ಕೇಂದ್ರ ಪರಿಸರ ಸಚಿವಾಲಯ ಕೊಡುವ ಹಣವನ್ನೇ ನೆಚ್ಚಬೇಕು. ಹಣ ಕೊಡುವವರಿಗೆ ಹೊಣೆಯೂ ಇರಬೇಕು.

ಗೋಜಲು ಇರುವುದು ಇಲ್ಲೇ. ಶುದ್ಧ ಗಾಳಿ ಪರಿಸರ ಸಚಿವಾಲಯದ ಬಾಬತ್ತು. ಸ್ವಚ್ಛ ಭಾರತದ ನಗರ ಯೋಜನೆ, ಅಂದರೆ ಕಸದ ಗಾಡಿ, ವಿಂಗಡಣೆ, ಹಳೆಯ ಕಸದ ಗುಡ್ಡ ಕರಗಿಸುವುದು, ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ ಬಾಬತ್ತು. ಎರಡಕ್ಕೂ ಬೇರೆ ಬೇರೆ ಸರ್ವೇಕ್ಷಣೆ, ಬೇರೆ ಬೇರೆ ಶ್ರೇಯಾಂಕ. ನಮ್ಮ ಓಣಿಯ ರಾಶಿ ಮಾತ್ರ ಒಂದೇ. ಗಾಳಿಯ ಸರ್ವೇಕ್ಷಣೆಯಲ್ಲಿ ಕಸ ಸುಡುವುದನ್ನು ತಡೆದದ್ದಕ್ಕೂ ಅಂಕವಿದೆ. ಆದರೆ ಆ ಅಂಕಗಳಿಗೆ ಬುನಾದಿ ನಗರಗಳು ತಾವೇ ತಮ್ಮ ಬಗ್ಗೆ ಬರೆದು ಕಳಿಸುವ ಮೌಲ್ಯಮಾಪನ. ಇನ್ನು ಹಣದ ಅತಿ ದೊಡ್ಡ ಪಾಲು ದೇಶದಾದ್ಯಂತ ಹೋಗಿರುವುದು ರಸ್ತೆ ಧೂಳಿಗೆ: ನೀರು ಚಿಮುಕಿಸುವ ಯಂತ್ರ, ಗುಡಿಸುವ ವಾಹನ. ಎರೆಮಣ್ಣಿನ ನಾಡಿನ ನಮಗೆ ಧೂಳು ಸಣ್ಣ ಕಷ್ಟವಲ್ಲ, ಅದು ಬೇಡವೆನ್ನಲಾರೆ. ಆದರೆ ಕಾರ್ಯಕ್ರಮ ಪ್ರಗತಿಯನ್ನು ಅಳೆಯುವುದು ಮುಖ್ಯವಾಗಿ ಪಿಎಂ 10ರ ಲೆಕ್ಕದಲ್ಲಿ, ಅಂದರೆ 10 ಮೈಕ್ರಾನ್‌ವರೆಗಿನ ಎಲ್ಲ ಕಣಗಳ ಲೆಕ್ಕದಲ್ಲಿ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಅದರಲ್ಲಿನ ದಪ್ಪ ಕಣ ಹೆಚ್ಚಾಗಿ ಮೂಗು, ಗಂಟಲು, ದೊಡ್ಡ ಶ್ವಾಸನಾಳಗಳಲ್ಲೇ ತಡೆಯುತ್ತದೆ. ಪ್ಲಾಸ್ಟಿಕ್ ಹೊಗೆಯ ಕಣ ಬಹುಪಾಲು ಪಿಎಂ 2.5, ಅಂದರೆ 2.5 ಮೈಕ್ರಾನ್‌ಗಿಂತ ಸಣ್ಣದು, ಅದು ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಅವ್ವನನ್ನು ನರಳಿಸುವುದು ಈ ಎರಡನೆಯದು.

ಲಾಲ್ ಬಹದ್ದೂರ್ ಶಾಸ್ತ್ರಿ ನಗರ ಮತ್ತು ಮಹಾತ್ಮ ಬಸವೇಶ್ವರ ಕಾಲೊನಿಯಲ್ಲಿ ಗಾಳಿ ಅಳೆಯುವ ಕೇಂದ್ರಗಳಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ಅಂಕಿ ನೋಡಬಹುದು. ಆದರೆ ಗಾಳಿಯ ಗುಣಮಟ್ಟದ ಆ ಸೂಚ್ಯಂಕ 24 ಗಂಟೆಯ ಸರಾಸರಿಯ ಮೇಲೆ ನಿಂತಿದೆ. ನಸುಕಿನ ಒಂದು ಗಂಟೆಯ ಹೊಗೆ ಆ ಸರಾಸರಿಯಲ್ಲಿ ಕರಗಿಹೋಗುತ್ತದೆ. ಆ್ಯಪ್ ಹಸಿರು ತೋರಿಸುವ ದಿನವೂ ನಮ್ಮ ಮನೆಯಲ್ಲಿ ನೆಬ್ಯುಲೈಜರ್ ಓಡುತ್ತಿರುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಅದೇ 2016ರ ನಿಯಮದಲ್ಲಿ, ಮರುಬಳಕೆಗೆ ಬಾರದ ಒಣ ಕಸದಿಂದ ಇಂಧನ ತಯಾರಿಸುವ ಘಟಕದ ಸುತ್ತ 100 ಕಿಲೊಮೀಟರ್‌ನೊಳಗಿನ ಕೈಗಾರಿಕೆಗಳು ತಮ್ಮ ಇಂಧನದ ಕನಿಷ್ಠ ಶೇ 5ರಷ್ಟನ್ನು ಅದರಿಂದ ತುಂಬಿಸಬೇಕು ಎಂದಿತ್ತು. ನಮ್ಮ ಜಿಲ್ಲೆಯಲ್ಲಿ ಸಿಮೆಂಟ್ ಗೂಡುಗಳಿಗೆ ಬರವೇ? ವಾಡಿ, ಮಳಖೇಡ, ಸೇಡಂ, ಎಲ್ಲವೂ ಆ ಅಂತರದೊಳಗೆ. ಗೂಡಿನೊಳಗೆ 1,400 ಡಿಗ್ರಿ ಮೀರಿದ ಉರಿ. ಓಣಿಯ ಬೆಂಕಿಯಂತೆ ಅರೆಬೆಂದು ವಿಷ ಕಾರುವುದಿಲ್ಲ. ಹಸಿ ಕಸ ಗೊಬ್ಬರವಾದರೆ ಸುತ್ತಲಿನ ತೊಗರಿ ಹೊಲಗಳಿಗೆ ಬೇಕೇ ಬೇಕು. ನಿಯಮ ಇದೆ, ಗೂಡು ಇದೆ, ಹೊಲ ಇದೆ. ಇಲ್ಲದಿರುವುದು ಓಣಿಯಿಂದ ಅಲ್ಲಿಯವರೆಗಿನ ದಾರಿ: ತಪ್ಪದೆ ಬರುವ ಗಾಡಿ, ವಿಂಗಡಿಸುವ ಕೈಗಳು, ಆ ಕೈಗಳಿಗೆ ಸರಿಯಾದ ಸಂಬಳ. ಗಾಳಿಯ ಹಣವನ್ನು ಈ ದಾರಿಗೂ ಧಾರಾಳವಾಗಿ ಸುರಿಯಿರಿ, ಎರಡು ಸಚಿವಾಲಯಗಳೂ ಒಂದೇ ಮೇಜಿಗೆ ಕುಳಿತು ಲೆಕ್ಕ ಕೇಳಿ, ಪಿಎಂ 2.5ಕ್ಕೂ ಗುರಿ ಇಡಿ ಎಂದು ನಾನು ಕೇಳುತ್ತಿದ್ದೇನೆ.

ಓಣಿಯ ಹೆಂಗಸರು ಸೇರಿ ಹೊಗೆ ಎದ್ದ ದಿನ, ಹೊತ್ತು ಬರೆದಿಟ್ಟಿದ್ದೇವೆ. ಹದಿನೈದು ದಿನದಲ್ಲಿ ಒಂಬತ್ತು ಬಾರಿ. ಪೌರಕಾರ್ಮಿಕರ ಮೇಲೆ ದೂರು ಬೇಡ, ಗಾಡಿ ಬೇಕು ಎಂದು ಮೊದಲ ಸಾಲಿನಲ್ಲೇ ಬರೆದಿದ್ದೇವೆ. ಒಂದು ಪ್ರತಿ ಪಾಲಿಕೆಗೆ, ಒಂದು ಸಂಸದರಿಗೆ, ತಲಾ ಒಂದು ಆ ಎರಡೂ ಸಚಿವಾಲಯಗಳಿಗೆ. ಬುಧವಾರ ಕಳಿಸುತ್ತೇವೆ. ಸಹಿ ಹಾಕುವವರು ಸಂಜೆ ಆರರ ಮೇಲೆ ಮನೆಗೆ ಬನ್ನಿ, ಕಾಗದ ಅವ್ವನ ಹತ್ತಿರವೇ ಇದೆ.